ತುಮಕೂರಿನಲ್ಲಿ ಲಾ ಓದುತ್ತಿದ್ದೇನೆ, ಬೆಂಗಳೂರಿನ ಕಾರ್ಪೊರೇಟ್ ಲಾ ಫರ್ಮ್‌ಗೆ ಇಂಟರ್ನ್‌ಶಿಪ್ ಅರ್ಜಿ ಹೇಗೆ ಬರೆಯಲಿ?

ಗುಬ್ಬಿಯವನು

ಎಲ್ಲರಿಗೂ ನಮಸ್ಕಾರ. ನನ್ನದು ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ., ಈಗ ನಾಲ್ಕನೇ ವರ್ಷ. ಊರು ಗುಬ್ಬಿ ತಾಲೂಕು. ರಜೆ ಬಂದಾಗಲೆಲ್ಲ ತುಮಕೂರು ಕೋರ್ಟಿನಲ್ಲಿ ಒಬ್ಬ ಸೀನಿಯರ್ ವಕೀಲರ ಆಫೀಸಿಗೆ ಹೋಗುತ್ತೇನೆ. ಅಲ್ಲಿ ಬರೀ ಪಾರ್ಟಿಷನ್ ಸೂಟು (ಆಸ್ತಿ ಪಾಲಿನ ದಾವೆ), ಇಂಜಂಕ್ಷನ್ (ತಡೆಯಾಜ್ಞೆ), ಚೆಕ್ ಬೌನ್ಸ್. ನನಗೆ ಕಂಪನಿಗಳ ಕಡೆಯ ಕೆಲಸ ಮಾಡುವ ಆಸೆ ಇದೆ.

ಬೆಂಗಳೂರಿನ ಫರ್ಮ್‌ಗಳಿಗೆ ಮೇಲ್ ಕಳಿಸಿದ್ದೇನೆ, ಉತ್ತರವೇ ಇಲ್ಲ. ಒಂದು ಕಡೆ ಫೋನ್ ಮಾಡಿ ವಿಚಾರಿಸಿದರೆ "ನ್ಯಾಷನಲ್ ಲಾ ಸ್ಕೂಲಾ?" ಅಂತ ಕೇಳಿದರು, ಅಲ್ಲ ಅಂದೆ, ಫೋನ್ ಇಟ್ಟರು. ಮನಸ್ಸಿಗೆ ತುಂಬಾ ನೋವಾಯಿತು. ನನ್ನ ಕವರ್ ಲೆಟರ್ ಶುರುವಾಗುವುದು ಹೀಗೆ: "ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಲಿಯುವ ಅವಕಾಶ ಸಿಕ್ಕರೆ ಅದು ನನ್ನ ಭಾಗ್ಯ." ಇದರಲ್ಲಿ ಏನು ಬದಲಾಯಿಸಬೇಕು? ದಿನಾ ತುಮಕೂರಿನಿಂದಲೇ ಓಡಾಡಲು ಆಗುತ್ತಾ? ಯೂಟ್ಯೂಬಿನಲ್ಲಿ ಟ್ರೈನಿಂಗ್ ಕಾಂಟ್ರ್ಯಾಕ್ಟ್ ಅಂತ ಹೇಳುತ್ತಾರಲ್ಲ, ಅದಕ್ಕೂ ಅರ್ಜಿ ಹಾಕಬೇಕಾ?

ಕೋರ್ಟ್ ರಸ್ತೆ

ಟ್ರೈನಿಂಗ್ ಕಾಂಟ್ರ್ಯಾಕ್ಟ್ ಇಂಗ್ಲೆಂಡಿನ ಪದ್ಧತಿ. ಅಲ್ಲಿ ಸಾಲಿಸಿಟರ್ ಆಗುವವರು ಎರಡು ವರ್ಷ ಫರ್ಮ್‌ನಲ್ಲಿ ತರಬೇತಿ ಪಡೆಯುತ್ತಾರೆ. ನಮ್ಮಲ್ಲಿ ಅದಿಲ್ಲ, ಅದರ ಚಿಂತೆ ಬಿಡಿ. ನಮ್ಮಲ್ಲಿ ಇಂಟರ್ನ್‌ಶಿಪ್‌ನಲ್ಲಿ ಕೆಲಸ ಇಷ್ಟವಾದರೆ ಮತ್ತೆ ಕರೆಯುತ್ತಾರೆ, ಅಲ್ಲಿಂದ ಕೆಲಸದ ಆಫರ್ ಬರಬಹುದು. ವಕೀಲಿಕೆ ಮಾಡಲು ಸ್ಟೇಟ್ ಬಾರ್ ಕೌನ್ಸಿಲ್‌ನಲ್ಲಿ ಎನ್‌ರೋಲ್ ಆಗಬೇಕು, ಎಐಬಿಇ (ಅಖಿಲ ಭಾರತ ಬಾರ್ ಪರೀಕ್ಷೆ) ಪಾಸ್ ಮಾಡಬೇಕು.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಂತೆ ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಆಗಬೇಕು, ಮೂರು ವರ್ಷದ್ದಕ್ಕೆ 12. ಯಾವ ವರ್ಷವೂ ಒಂದೇ ಸಮ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಆದ್ದರಿಂದ ಅರ್ಜಿಯಲ್ಲಿ ಯಾವ ತಿಂಗಳು, ಯಾವ ತಾರೀಖಿನಿಂದ ಎಲ್ಲಿಯವರೆಗೆ ಅಂತ ಸ್ಪಷ್ಟವಾಗಿ ಬರೆಯಿರಿ. ಪರೀಕ್ಷೆ ಮುಗಿದ ಮೇಲೆ ಮೇಲ್ ಹಾಕಿದರೆ ತಡ. ಕೆಲವು ತಿಂಗಳು ಮುಂಚೆಯೇ ಹಾಕಿ.

ತಿಪಟೂರಿನ ಅಕ್ಕ

ತಮ್ಮ, ನಾನೂ ನಿಮ್ಮ ಜಿಲ್ಲೆಯವಳೇ, ಓದಿದ್ದೂ ತುಮಕೂರಿನಲ್ಲೇ. ಈಗ ಬೆಂಗಳೂರಿನ ಒಂದು ಫರ್ಮ್‌ನ ರಿಯಲ್ ಎಸ್ಟೇಟ್ ಟೀಮ್‌ನಲ್ಲಿದ್ದೇನೆ. ಇಂಟರ್ನ್ ಆಗಲು ಬರುವವರ ಅರ್ಜಿಗಳನ್ನು ನಾನೂ ನೋಡುತ್ತೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆ "ಪ್ರತಿಷ್ಠಿತ ಸಂಸ್ಥೆ" ಸಾಲು ಮೊದಲು ತೆಗೆಯಿರಿ. ಅದನ್ನು ಯಾವ ಫರ್ಮ್‌ಗೆ ಕಳಿಸಿದರೂ ನಡೆಯುತ್ತದೆ. ಓದುವವರಿಗೆ ನೀವು ಯಾರು ಅಂತ ಗೊತ್ತಾಗುವುದೇ ಇಲ್ಲ.

ನನಗೆ ಬೇಜಾರಾಗಿದ್ದು ನೀವು "ಬರೀ ಪಾರ್ಟಿಷನ್ ಸೂಟು" ಅಂದಿದ್ದಕ್ಕೆ. ಕಂಪನಿಗಳಿಗೆ ಜಾಗ ಬೇಕು. ವಸಂತನರಸಾಪುರ, ನರಸಾಪುರ, ವೇಮಗಲ್ ಕಡೆ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿದ ಜಾಗ ಒಂದು ಬಗೆ. ರೈತರಿಂದ ನೇರವಾಗಿ ತೆಗೆದುಕೊಳ್ಳುವುದು ಇನ್ನೊಂದು. ನಮ್ಮ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ದು. ಅಲ್ಲಿ ರೈತರ ಜಮೀನನ್ನು ಕೊಂಡುಕೊಂಡಿಲ್ಲ, ಲೀಸಿಗೆ ತೆಗೆದುಕೊಂಡಿದ್ದಾರೆ. ಕೊಳ್ಳಲಿ, ಲೀಸಿಗೆ ಪಡೆಯಲಿ, ಪ್ರತಿ ಸರ್ವೆ ನಂಬರಿಗೂ ಮಾಲೀಕರು ಯಾರು, ಯಾರು ಯಾರು ಸಹಿ ಹಾಕಬೇಕು ಅಂತ ಒಬ್ಬರು ಕೂತು ನೋಡಲೇಬೇಕು. ಅದೇ ಟೈಟಲ್ ಡ್ಯೂ ಡಿಲಿಜೆನ್ಸ್. ದಾಖಲೆ ಬಹುಪಾಲು ಕನ್ನಡದಲ್ಲಿ, ಹಳೆಯವು ಕೈಬರಹದಲ್ಲಿ ಇರುತ್ತವೆ. ದೊಡ್ಡ ಕಾಲೇಜಿನಲ್ಲಿ ಓದಿ ಬಂದ, ಒಳ್ಳೆ ಬುದ್ಧಿವಂತ ಮಕ್ಕಳು ಕೂಡ ಇಲ್ಲಿ ಕೈಚೆಲ್ಲುವುದನ್ನು ನೋಡಿದ್ದೇನೆ.

ಒಂದು ಪಹಣಿ ತೆಗೆದುಕೊಳ್ಳಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು. 10ರಲ್ಲಿ ಜಮೀನು ಅವರಿಗೆ ಹೇಗೆ ಬಂತು ಅನ್ನುವುದು. 11ರಲ್ಲಿ ಬ್ಯಾಂಕ್ ಸಾಲ, ಕೋರ್ಟ್ ತಡೆಯಾಜ್ಞೆ ಇದ್ದರೆ ಕಾಣುತ್ತದೆ. 12ರಲ್ಲಿ ಸಾಗುವಳಿ ಮಾಡುವವರು, ಬೆಳೆ. ದರಖಾಸ್ತಿನ, ಅಂದರೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಹುಡುಕಿ ಷರತ್ತು ಓದಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ, ಸರ್ಕಾರದ ಅನುಮತಿ ಮೊದಲೇ ಪಡೆಯದೆ ಮಾರುವಂತಿಲ್ಲ. ಗೇಣಿ ಜಮೀನಾಗಿದ್ದರೆ ಫಾರಂ 7 (ಗೇಣಿದಾರರು ಹಕ್ಕು ಕೇಳಿ ಹಾಕಿದ ಅರ್ಜಿ), ಭೂ ನ್ಯಾಯಮಂಡಳಿಯ ಆದೇಶ ನೋಡಬೇಕು. ಇವೆಲ್ಲ ನಿಮ್ಮ ಸೀನಿಯರ್ ಆಫೀಸಿನ ಕಟ್ಟುಗಳಲ್ಲೇ ಇವೆ ಅಲ್ವಾ?

ಅದಕ್ಕಿಂತ ಮುಖ್ಯವಾದದ್ದು ವಂಶವೃಕ್ಷ. ಪಾರ್ಟಿಷನ್ ಸೂಟ್ ನೋಡಿದವರ ಕಣ್ಣು ಸೀದಾ ಬಿಟ್ಟುಹೋದ ಹೆಸರಿನ ಮೇಲೆ ಬೀಳುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ಅಪ್ಪ 2005ರಲ್ಲಿ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 20-12-2004ಕ್ಕಿಂತ ಮುಂಚೆ ಆಗಿಹೋದ ಕ್ರಯ, ವಿಭಾಗಗಳನ್ನು ಮಾತ್ರ ಮುಟ್ಟುವಂತಿಲ್ಲ. ಈಗ ಒಬ್ಬ ಹೆಣ್ಣುಮಗಳ ಸಹಿ ಇಲ್ಲದ ಕ್ರಯಪತ್ರ ನಂಬಿ ಕಂಪನಿ ದುಡ್ಡು ಹಾಕಿದರೆ, ನಾಳೆ ತುಮಕೂರು ಕೋರ್ಟಿಗೆ ಬರುವುದು ನಿಮ್ಮ ಸೀನಿಯರ್ ನಡೆಸುವಂಥ ಪಾರ್ಟಿಷನ್ ಸೂಟೇ. ಅದನ್ನು ಮುಂಚೆಯೇ ಹಿಡಿದು ಹೇಳುವವರಿಗೆ ಫರ್ಮ್ ಸಂಬಳ ಕೊಡುತ್ತದೆ.

ಹಾಗಾಗಿ ನೀವು ಮಾಡಿದ ಒಂದು ಕೆಲಸ ತೆಗೆದುಕೊಂಡು, ಯಾವ ದಾಖಲೆ ನೋಡಿದಿರಿ, ಏನು ಸಿಕ್ಕಿತು, ಆಮೇಲೆ ಏನು ಮಾಡಿದಿರಿ ಅಂತ ನಾಲ್ಕು ಸಾಲು ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ತಪ್ಪಿಲ್ಲದೆ ಇರಲಿ. ಯಾವ ಟೀಮ್ ಬೇಕು ಅಂತಲೂ ಹೇಳಿ. ಸುಮ್ನೆ "ಕಾರ್ಪೊರೇಟ್ ಲಾ" ಅಂತ ಬರೆದರೆ ಮೇಲ್ ಯಾರಿಗೆ ಫಾರ್ವರ್ಡ್ ಮಾಡಬೇಕು ಅಂತಲೂ ಅವರಿಗೆ ತಿಳಿಯುವುದಿಲ್ಲ. ಕಂಪನಿ ಖರೀದಿ, ಷೇರು ವ್ಯವಹಾರದ ಟೀಮೇ ಬೇಕು ಅಂದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ವೆಬ್‌ಸೈಟಿನಲ್ಲಿ ಡಿಆರ್‌ಎಚ್‌ಪಿಗಳು (ಷೇರು ಬಿಡುಗಡೆಗೆ ಮುಂಚೆ ಕಂಪನಿ ಸಲ್ಲಿಸುವ ಕರಡು ದಾಖಲೆ) ಪುಕ್ಕಟೆ ಸಿಗುತ್ತವೆ. ಒಂದನ್ನು ಇಳಿಸಿಕೊಂಡು ಬಾಕಿ ಕೇಸುಗಳ ಅಧ್ಯಾಯ ಓದಿ.

ದೊಡ್ಡ ಫರ್ಮ್‌ಗಳು ಕಾಲೇಜಿನ ಹೆಸರು ನೋಡುತ್ತವೆ, ಇಲ್ಲ ಅನ್ನುವುದಿಲ್ಲ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮೊದಲು ಮಧ್ಯಮ ಗಾತ್ರದ ಫರ್ಮ್‌ಗೆ, ಅದರಲ್ಲೂ ಜಮೀನಿನ ಕೆಲಸ ಇರುವ ಕಡೆಗೆ ಹಾಕಿ.

ರೈಲು ಪಾಸ್

ಓಡಾಟದ ಬಗ್ಗೆ ಹೇಳುತ್ತೇನೆ. ರೈಲಿನಲ್ಲಿ ಯಶವಂತಪುರ, ಅಲ್ಲಿಂದ ಹಸಿರು ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್ ಹಿಡಿದರೆ ಎಂ.ಜಿ. ರಸ್ತೆ. ಬೆಳಗ್ಗೆ ತೊಂದರೆ ಇಲ್ಲ. ಕಷ್ಟ ರಾತ್ರಿಯದು. ಡೀಲ್ ಮುಗಿಸುವ ವಾರ ಫರ್ಮ್‌ಗಳಲ್ಲಿ ಹೊತ್ತು ಗೊತ್ತು ಇರುವುದಿಲ್ಲ, ನೀವು ರೈಲಿನ ಟೈಮ್ ನೋಡಿಕೊಂಡು ಕೂತರೆ ಕೆಲಸ ಕಲಿಯಲು ಆಗಲ್ಲ. ಆ ನಾಲ್ಕು ವಾರಕ್ಕೆ ಪಿ.ಜಿ. ಮಾಡಿಕೊಳ್ಳಿ. ಸ್ಟೈಪೆಂಡ್ ಕೆಲವರು ಕೊಡುತ್ತಾರೆ, ಕೆಲವರು ಕೊಡಲ್ಲ. ಸೆಲೆಕ್ಟ್ ಆದಮೇಲೆ ಕೇಳಿ, ಕೇಳುವುದರಲ್ಲಿ ನಾಚಿಕೆ ಇಲ್ಲ.

ಗುಬ್ಬಿಯವನು

ಅಕ್ಕ, ಓದಿ ಧೈರ್ಯ ಬಂತು. ಹೀಗೆ ಬರೆದಿದ್ದೇನೆ, ನೋಡಿ ಹೇಳಿ: "ಗುಬ್ಬಿ ತಾಲೂಕಿನ ಒಂದು ಪಾರ್ಟಿಷನ್ ಸೂಟಿಗಾಗಿ 30 ವರ್ಷದ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ), ಇ.ಸಿ. (ಋಣಭಾರ ಪ್ರಮಾಣಪತ್ರ) ತಂದು ತಾರೀಖಿನ ಪ್ರಕಾರ ಪಟ್ಟಿ ಮಾಡಿದೆ. ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗುವಾಗ ಇಬ್ಬರು ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದು ಕಂಡಿತು. ಟಿಪ್ಪಣಿ ಬರೆದು ಸೀನಿಯರ್‌ಗೆ ಕೊಟ್ಟೆ, ಅವರು ಅದನ್ನು ವಾದಪತ್ರಕ್ಕೆ ಸೇರಿಸಿದರು. ಕೈಬರಹದ ಕನ್ನಡ ದಾಖಲೆ ಓದಿ ಇಂಗ್ಲಿಷಿನಲ್ಲಿ ಸಾರಾಂಶ ಮಾಡಬಲ್ಲೆ." ಕೆಳಗೆ ಊರಿನ ಹೆಸರು, ಸರ್ವೆ ನಂಬರು, ಕಕ್ಷಿದಾರರ ಹೆಸರೂ ಹಾಕಿದ್ದೇನೆ.

ತಿಪಟೂರಿನ ಅಕ್ಕ

ತುಂಬಾ ಚೆನ್ನಾಗಿದೆ. ಆದರೆ ಆ ಕೊನೆಯ ಮೂರನ್ನೂ ಅಳಿಸಿ. ಕಕ್ಷಿದಾರರು ನಂಬಿ ಕೊಟ್ಟ ವಿಷಯವನ್ನು ಅವರನ್ನು ಕೇಳದೆ ಹೊರಗೆ ಹೇಳುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಒಮ್ಮೆ ಓದಿ, ಆಫೀಸಿನ ಗುಮಾಸ್ತರಿಗೂ ಅದು ಅನ್ವಯ. ನಿಮ್ಮ ಸೀನಿಯರ್‌ಗೂ ಈ ಸಾಲುಗಳನ್ನು ತೋರಿಸಿ, ಅವರ ಹೆಸರು ರೆಫರೆನ್ಸ್‌ಗೆ ಕೊಡಬಹುದಾ ಅಂತ ಕೇಳಿಕೊಳ್ಳಿ. ಅವರು ಹೂಂ ಅಂದ ದಿನವೇ ಕಳಿಸಿ.