ಹೊಸ ಕೋರ್ಸ್ ಪ್ರಸ್ತಾವನೆ ಆನ್‌ಲೈನ್ ಮಾಡಬೇಕಂತೆ: ಗೂಗಲ್ ಫಾರ್ಮ್ ಸಾಕಾ?

ವಿಜಯನಗರ ಮೇಡಂ:
ನಮಸ್ಕಾರ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ವಿಭಾಗದ ಬಿಓಎಸ್ (ಬೋರ್ಡ್ ಆಫ್ ಸ್ಟಡೀಸ್, ಸಿಲಬಸ್ ನೋಡಿ ಒಪ್ಪುವ ಮಂಡಳಿ) ಕೆಲಸವೂ ನನ್ನ ತಲೆಗೇ ಬಿದ್ದಿದೆ. ಹೊಸ ಪೇಪರ್ (ಅಂದರೆ ಕೋರ್ಸ್) ತರಬೇಕೆಂದರೆ ನಮ್ಮಲ್ಲಿ ಈಗಲೂ ಕಾಗದವೇ. ಸಿಲಬಸ್, ಪರೀಕ್ಷೆ ಸ್ಕೀಮ್, ಪುಸ್ತಕದ ಪಟ್ಟಿ ಎಲ್ಲ ಪ್ರಿಂಟ್ ತೆಗೆದು, ಟ್ಯಾಗ್ ಹಾಕಿ ಕಳಿಸುತ್ತೇವೆ. ಬಿಓಎಸ್ ಆದ ಮೇಲೆ ಫ್ಯಾಕಲ್ಟಿ ಸಭೆ (ಹಲವು ವಿಭಾಗ ಸೇರಿದ ನಿಕಾಯ), ಅದಾದ ಮೇಲೆ ಅಕಾಡೆಮಿಕ್ ಕೌನ್ಸಿಲ್. ಮಧ್ಯೆ ಕಡತ ಎಲ್ಲಿದೆ ಅಂತ ಗೊತ್ತಿರೋದು ಅಟೆಂಡರ್‌ಗೆ ಮಾತ್ರ.

2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ಅದರ ಜೊತೆ ನಾಲ್ಕು ವರ್ಷದ ಡಿಗ್ರಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದೆವು. ಎರಡು ಸಲವೂ ಸಿಲಬಸ್ ಹೊಸದಾಗಿ ಬರೆದದ್ದೇ. ಕಂಪ್ಯೂಟರ್‌ನಲ್ಲಿ ‘ಅಂತಿಮ’, ‘ಅಂತಿಮ ಹೊಸದು’, ‘ಇದೇ ಅಂತಿಮ’ ಅಂತ ಫೈಲುಗಳು ಕೂತಿವೆ. ಡೀನ್ ಕೈಲಿದ್ದ ಪ್ರತಿಯಲ್ಲಿ ಒಂದು ಪೇಪರ್‌ಗೆ 4 ಕ್ರೆಡಿಟ್, ನಮ್ಮ ಪ್ರತಿಯಲ್ಲಿ 3! ಈಗ ಆನ್‌ಲೈನ್ ವ್ಯವಸ್ಥೆಗೆ ಸಲಹೆ ಕೊಡಿ ಎಂದಿದ್ದಾರೆ. ಒಂದು ಗೂಗಲ್ ಫಾರ್ಮ್, ಅದಕ್ಕೊಂದು ಪಿಡಿಎಫ್ ಸಾಕು ಅಂತಾರೆ ಕೆಲವರು. ಸಾಕಾ?

ರಿಟೈರ್ಡ್ ಸೂಪರಿಂಟೆಂಡೆಂಟ್:
ಸಾಲದು ಮೇಡಂ. ನಾನು ಅಕಾಡೆಮಿಕ್ ಸೆಕ್ಷನ್‌ನಲ್ಲೇ ತಲೆ ಹಣ್ಣು ಮಾಡಿಕೊಂಡವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕಡತದಲ್ಲಿ ಎರಡು ಭಾಗ ಇರುತ್ತೆ. ಒಂದು ನೀವು ಕಳಿಸಿದ ಕಾಗದ. ಇನ್ನೊಂದು ಟಿಪ್ಪಣಿ ಹಾಳೆ. ಕೇಸ್ ವರ್ಕರ್ ಏನು ಬರೆದ, ಡೀನ್ ಏನು ಷರಾ ಹಾಕಿದರು, ಯಾವತ್ತು ವಾಪಸ್ ಬಂತು ಎಲ್ಲ ಅದರಲ್ಲೇ. ‘ಘಟಕ 3 ಭಾರವಾಯಿತು, ಇಳಿಸಿ’ ಅಂತ ಮಾರ್ಜಿನ್‌ನಲ್ಲಿ ಒಂದು ಸಾಲು ಇದ್ದರೆ, ಮುಂದಿನ ವರ್ಷ ಯಾರಾದರೂ ಯಾಕೆ ಇಳಿಸಿದಿರಿ ಅಂದಾಗ ಅದೇ ಉತ್ತರ. ಫಾರ್ಮ್ ತುಂಬಿಸಿದರೆ ಕಾಗದ ಮಾತ್ರ ಹೋಗುತ್ತೆ, ಟಿಪ್ಪಣಿ ಫೋನ್‌ನಲ್ಲಿ, ವಾಟ್ಸಾಪ್‌ನಲ್ಲಿ ಕಳೆದುಹೋಗುತ್ತೆ.

ಎಲ್ಲರೂ ಕಡತ ಮುಂದೆ ಹೋಗುವ ದಾರಿ ಬರೆದುಕೊಂಡು ಬರುತ್ತಾರೆ. ವಾಪಸ್ ಬರುವ ದಾರಿ ಯಾರೂ ಬರೆಯಲ್ಲ. ಮೊದಲು ಅದನ್ನು ತೀರ್ಮಾನ ಮಾಡಿ. ಪುಸ್ತಕದ ಆವೃತ್ತಿ ತಪ್ಪಾಗಿದ್ದರೆ ವಿಭಾಗದಲ್ಲೇ ತಿದ್ದಲಿ. ಕ್ರೆಡಿಟ್ ಬದಲಾದರೆ ಬಿಓಎಸ್‌ಗೇ ಹೋಗಬೇಕು. ಬಿಓಎಸ್ ಒಪ್ಪಿದ ಪ್ರತಿಗೆ ಬೀಗ ಬೀಳಬೇಕು. ಆಮೇಲೆ ಯಾರು ಏನು ತಿದ್ದಿದರೂ ಹೆಸರು, ದಿನಾಂಕದ ಸಮೇತ ಕಾಣಬೇಕು. ನಿಮ್ಮ 3-4ರ ಜಗಳ ಅಲ್ಲಿಗೆ ಮುಗಿಯುತ್ತೆ.

ಇನ್ನೊಂದು ಮಾತು. ಆನ್‌ಲೈನ್ ಬಂತು ಅಂತ ಮೀಟಿಂಗ್ ಬಿಡೋಕಾಗಲ್ಲ. ಸಭೆಯ ನಡಾವಳಿ ಬೇಕೇ ಬೇಕು. ಅದನ್ನೂ ಅದೇ ಕಡತಕ್ಕೆ ಸೇರಿಸಿ.

ಕೋಡ್ ಬರೆಯೋನು:
ಸರ್ ಹೇಳಿದ್ದು ಸರಿ. ನನ್ನ ಕಡೆಯಿಂದ ಒಂದು: ಪಿಡಿಎಫ್ ಬೇಡ, ಬಿಡಿ ಬಿಡಿ ಕಾಲಂ ಮಾಡಿ. ಸಾಮಾನ್ಯವಾಗಿ ಥಿಯರಿಗೆ ವಾರಕ್ಕೆ 1 ಗಂಟೆ ಅಂದ್ರೆ 1 ಕ್ರೆಡಿಟ್, ಪ್ರಾಕ್ಟಿಕಲ್‌ಗೆ 2 ಗಂಟೆ. 3 ಥಿಯರಿ, 1 ಪ್ರಾಕ್ಟಿಕಲ್ ಕ್ರೆಡಿಟ್ ಇದ್ದರೆ ವಾರಕ್ಕೆ 5 ಗಂಟೆ ಆಗಬೇಕು. ಆಗದಿದ್ದರೆ ಸಿಸ್ಟಮ್ಮೇ ತಡೆಯಲಿ. ಪಿಡಿಎಫ್‌ನಲ್ಲಿ ಇದನ್ನ ಯಾರು ಕೂತು ಕೂಡ್ತಾರೆ?

ಕನ್ನಡ ವಿಭಾಗದವರಿಗೆ ಈಗಲೇ ಹೇಳಿಬಿಡಿ. ಯೂನಿಕೋಡ್ ಅಲ್ಲದ ಹಳೇ ‘ನುಡಿ’ ತಂತ್ರಾಂಶದ ಫೈಲಿಂದ ಕಾಪಿ ಮಾಡಿ ಹಾಕಿದರೆ ಅಕ್ಷರ ಎಲ್ಲ ಚಿತ್ರಾನ್ನ. ಮೊದಲು ಯೂನಿಕೋಡ್‌ಗೆ ಬದಲಾಯಿಸಬೇಕು. ಬದಲಾಯಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಲ್ಲೇ ನೋಡಿ.

ರಾಜಾಜಿನಗರ ಲೆಕ್ಚರರ್:
ಇದೆಲ್ಲ ಚೆನ್ನಾಗಿದೆ. ನಮ್ಮಲ್ಲೂ ಆನ್‌ಲೈನ್ ಅಂತ ಮಾಡಿದರು. ಆಮೇಲೆ ‘ಒಂದು ಹಾರ್ಡ್ ಕಾಪಿಯೂ ಕೊಡಿ’ ಅಂದರು. ಡಬಲ್ ಕೆಲಸ! ಐಟಿ ಕಾಯ್ದೆ 2000ರಿಂದಲೇ ಇದೆ, ಎಲೆಕ್ಟ್ರಾನಿಕ್ ದಾಖಲೆ, ಸಹಿ ಎರಡಕ್ಕೂ ಅದು ಮಾನ್ಯತೆ ಕೊಟ್ಟಿದೆ. ಆದರೆ ನಮ್ಮ ಆಫೀಸಿಗೆ ಇಂಕಿನ ಸಹಿಯೇ ಬೇಕು. ಹಾರ್ಡ್ ಕಾಪಿ ಬೇಡ ಅಂತ ರಿಜಿಸ್ಟ್ರಾರ್ ಕೈಲಿ ಸುತ್ತೋಲೆ ಹೊರಡಿಸಿ, ಆಮೇಲೆ ಶುರು ಮಾಡಿ.

ಹಾಗೇ, ಒಪ್ಪಿಗೆಯಾದ ಪೇಪರ್ ಕೋಡ್, ಕ್ರೆಡಿಟ್ ಯುಯುಸಿಎಂಎಸ್‌ಗೆ (ರಾಜ್ಯದ ವಿಶ್ವವಿದ್ಯಾಲಯಗಳ ದಾಖಲಾತಿ, ಪರೀಕ್ಷೆಯ ಪೋರ್ಟಲ್) ಮತ್ತೆ ಟೈಪ್ ಮಾಡೋ ಹಾಗಾಗದಿರಲಿ. ತಪ್ಪು ನುಸುಳೋದು ಅಲ್ಲೇ.

ವಿಜಯನಗರ ಮೇಡಂ:
ಎಲ್ಲರಿಗೂ ಥ್ಯಾಂಕ್ಸ್. ಸುತ್ತೋಲೆ ವಿಷಯ ನನಗೆ ಹೊಳೆದೇ ಇರಲಿಲ್ಲ. ಬಿಓಎಸ್‌ಗೆ ಹೊರಗಿನಿಂದ ಬರುವ ಸದಸ್ಯರಿಗೆ ಲಾಗಿನ್ ಕೊಡಬೇಕಾ ಸರ್? ಒಬ್ಬ ಹಿರಿಯರು ಇಮೇಲೂ ನೋಡಲ್ಲ.

ರಿಟೈರ್ಡ್ ಸೂಪರಿಂಟೆಂಡೆಂಟ್:
ಓದೋಕೆ ಮಾತ್ರ ಲಾಗಿನ್ ಕೊಡಿ, ತಿದ್ದೋಕೆ ಬೇಡ. ಆ ಹಿರಿಯರಿಗೆ ಪ್ರಿಂಟೇ ಕಳಿಸಿ, ಅವರು ಪೆನ್ಸಿಲ್‌ನಲ್ಲಿ ಬರೆದದ್ದನ್ನು ಅವರ ಹೆಸರಲ್ಲೇ ಟಿಪ್ಪಣಿಗೆ ಹಾಕಿ. ಅಂಥವರೇ ಸಿಲಬಸ್ ಪೂರ್ತಿ ಓದೋದು.