ಕವಾಸಾಕಿ ಆದ ಮಗುಗೆ ಆಂಟಿಆಕ್ಸಿಡೆಂಟ್ ಸಿರಪ್ ಕೊಡ್ಬೇಕಾ? ಅನುಭವ ಇದ್ದವ್ರು ಹೇಳಿ

ಮಗನಿಗೆ ಮೂರು ವರ್ಷ. ಹೋದ ತಿಂಗಳು ಜ್ವರ ಬಿಡದೇ ಕಣ್ಣು, ತುಟಿ ಎಲ್ಲಾ ಕೆಂಪಾಗಿ ಅಡ್ಮಿಟ್ ಮಾಡಿದ್ವಿ, ಕವಾಸಾಕಿ ಅಂದ್ರು (ಮಕ್ಕಳಿಗೆ ರಕ್ತನಾಳದಲ್ಲಿ ಉರಿಯೂತ ಬರೋ ಕಾಯಿಲೆಯಂತೆ), ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್) ಕೊಟ್ಟ ಮೇಲೆ ಜ್ವರ ಇಳೀತು. ಈಗ ಆಸ್ಪಿರಿನ್ ನಡೀತಿದೆ. ಎಕೋದಲ್ಲಿ (ಹೃದಯದ ಸ್ಕ್ಯಾನು) ಹೃದಯದ ರಕ್ತನಾಳ ಒಂಚೂರು ಅಗಲ ಆಗಿದೆಯಂತೆ. ನಮ್ ಭಾವ ಎಲ್ಲೋ ಓದಿ, ಇದಕ್ಕೆಲ್ಲ ಆಕ್ಸಿಡೇಟಿವ್ ಸ್ಟ್ರೆಸ್ಸೇ (ಆಮ್ಲಜನಕದಿಂದ ಹುಟ್ಟೋ ಚುರುಕು ರಾಸಾಯನಿಕಗಳು ಜಾಸ್ತಿಯಾಗಿ ಜೀವಕೋಶ ಹಾಳಾಗೋದು) ಕಾರಣ, ವಿಟಮಿನ್ ಸಿ, ಇ ಇರೋ ಸಿರಪ್ ಶುರು ಮಾಡಿ ಅಂತ ದಿನಾ ಫೋನ್ ಮಾಡ್ತಿದಾರೆ. ಯಾರಾದ್ರೂ ಕೊಟ್ಟಿದೀರಾ?

ತುಮಕೂರಿನ ಅಮ್ಮ: ನಾವು ಕೊಡ್ಲಿಲ್ಲ ಕಣ್ರೀ. ಕೇಳಿದ್ದಕ್ಕೆ ನಮ್ ಕಾರ್ಡಿಯಾಲಜಿಸ್ಟು ಬೇಡ ಅಂದ್ರು, ಆಸ್ಪಿರಿನ್ ತಪ್ಪಿಸ್ಬೇಡಿ, ಎಕೋ ಡೇಟ್ ತಪ್ಪಿಸ್ಬೇಡಿ ಅಷ್ಟೇ ಅಂದ್ರು. ಇನ್ನೊಂದು, ಜ್ವರ ಹೋದ್ಮೇಲೆ ಬೆರಳ ತುದೀಲಿ, ಉಗುರಿನ ಅಂಚಿಂದ ಚರ್ಮ ಸುಲಿದು ಬರತ್ತೆ, ಗಾಬರಿ ಆಗ್ಬೇಡಿ. ನಮ್ಮವಳಂತೂ ಟಿವಿ ನೋಡ್ತಾ ಕೂತು ಒಂದೊಂದೇ ಕಿತ್ತು ಸೋಫಾ ಕೈ ಮೇಲೆ ಸಾಲಾಗಿ ಜೋಡಿಸ್ತಿದ್ಲು, ನಾನು ಬೈದು ಬೈದು ಸಾಕಾಯ್ತು.

ಬಯೋಕೆಮಿಸ್ಟ್ರಿ ಮೇಷ್ಟ್ರು: ಪಾಠ ಮಾಡೋನು ನಾನು, ಡಾಕ್ಟರ್ ಅಲ್ಲ, ಅದು ಗೊತ್ತಿರ್ಲಿ. ಭಾವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಈ ಕಾಯಿಲೇಲಿ ಬಿಳಿ ರಕ್ತಕಣಗಳು, ಅದ್ರಲ್ಲೂ ನ್ಯೂಟ್ರೋಫಿಲ್‌ಗಳು, ರೊಚ್ಚಿಗೆದ್ದು ರಕ್ತನಾಳದ ಗೋಡೆಗೇ ನುಗ್ತವೆ, ರೋಗಾಣು ಕೊಲ್ಲೋಕೆ ಇಟ್ಕೊಂಡಿರೋ ಸೂಪರಾಕ್ಸೈಡು, ಹೈಡ್ರೋಜನ್ ಪೆರಾಕ್ಸೈಡು ಎಲ್ಲಾ ಅಲ್ಲೇ ಕಾರ್ತವೆ, ಒಳಪದರ ಹಾಳಾಗತ್ತೆ, ನಾಳ ಸಡಿಲ ಆಗೋಕೆ ಬೇಕಾದ ನೈಟ್ರಿಕ್ ಆಕ್ಸೈಡನ್ನೂ ಆ ಸೂಪರಾಕ್ಸೈಡು ನುಂಗಿಬಿಡತ್ತೆ. ಆದ್ರೆ ಅದೇ ಮೂಲ ಕಾರಣ ಅನ್ನೋದು ತಪ್ಪು, ಅದು ಉರಿಯೂತದ ಬೆನ್ನಿಗೇ ಬರೋದು. 1967ರಲ್ಲಿ ಜಪಾನಿನ ತೊಮಿಸಾಕು ಕವಾಸಾಕಿ ವರದಿ ಮಾಡಿದ ಕಾಯಿಲೆ ಇದು, ಯಾಕೆ ಶುರುವಾಗತ್ತೆ ಅಂತ ಇವತ್ತಿಗೂ ಖಚಿತ ಆಗಿಲ್ಲ. ಉರಿಯೂತ ಇಳಿಸೋದು ಐವಿಐಜಿ. ಜ್ವರ ಶುರುವಾಗಿ 10 ದಿನದೊಳಗೆ ಕೊಟ್ರೆ ನಾಳ ಉಬ್ಬೋ ಸಂಭವ ನೂರಕ್ಕೆ 25ರಿಂದ ಸುಮಾರು 4ಕ್ಕೆ ಇಳಿಯತ್ತೆ. ಸಿರಪ್ಪಿಗೆ ಇಂಥ ಲೆಕ್ಕ ಯಾರು ಕೊಟ್ಟಿದಾರೆ? ವಿಟಮಿನ್ ಸಿ ಇಂದ ನಾಳ ಹಿಗ್ಗೋದು ಸುಧಾರಿಸಿದ್ದು ಸಣ್ಣ ಅಧ್ಯಯನದಲ್ಲಿ ಕಂಡಿದೆ, ಅದೂ ರಕ್ತಕ್ಕೆ ನೇರವಾಗಿ ಹಾಕಿ, ಬಾಯಿಗೆ ಚಮಚದಲ್ಲಿ ಕೊಟ್ಟಲ್ಲ. ಇನ್ನು ವಿಟಮಿನ್ ಇ ಡೋಸ್ ಜಾಸ್ತಿ ಆದ್ರೆ ರಕ್ತ ಹೆಪ್ಪುಗಟ್ಟೋದು ಕಮ್ಮಿ ಆಗತ್ತೆ, ಆಸ್ಪಿರಿನ್ ಕೆಲಸಾನೂ ಅದೇ, ಎರಡೂ ಸೇರಿದ್ರೆ ರಕ್ತಸ್ರಾವದ ಭಯ. ಭಾವಂಗೆ ಇದನ್ನೇ ಓದಿ ಹೇಳಿ.

ಧಾರವಾಡದ ಅಪ್ಪ: ಸಿರಪ್ ಬಿಡ್ರಿ, ಅದಕ್ಕಿಂತ ಮುಖ್ಯ ಎರಡು ಮಾತ ಹೇಳ್ತೀನಿ. ಆಸ್ಪಿರಿನ್ ನಡದಾಗ ಜ್ವರ ಬಂತಂತ ಮೆಡಿಕಲ್ ಶಾಪಿನ್ಯಾಗ ಐಬುಪ್ರೊಫೆನ್ ತಂದು ಹಾಕಬ್ಯಾಡ್ರಿ, ಆಸ್ಪಿರಿನ್ ಕೆಲಸಾನ ಕೆಡಸ್ತದ. ಫ್ಲೂ ಇಲ್ಲಾ ಚಿಕನ್‌ಪಾಕ್ಸ್ ಇದ್ದವರ ಹತ್ರ ಕೂಸು ಹೋಗಿ ಬಂದ್ರ ಆವತ್ತ ಡಾಕ್ಟರಿಗೆ ಫೋನ್ ಹಚ್ಚ್ರಿ, ಆಸ್ಪಿರಿನ್ ಇದ್ದಾಗ ರೇಸ್ ಸಿಂಡ್ರೋಮ್ ಅಂತ ಲಿವರ್‌ಗೂ ಮಿದುಳಿಗೂ ಹೊಡಿಯೂದು ಒಂದು ಅದ, ಅಪರೂಪ, ಆದ್ರೂ. ಮತ್ತ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾದ್ದು), ಚಿಕನ್‌ಪಾಕ್ಸ್ ಲಸಿಕೆ ಐವಿಐಜಿ ಆದಮ್ಯಾಲೆ 11 ತಿಂಗಳ ಮುಂದ ಹಾಕ್ತಾರ. ನಮ್ಮೂರ ಸಿಸ್ಟರ್‌ಗೆ ಡಿಸ್ಚಾರ್ಜ್ ಚೀಟಿ ತೋರಿಸಿದ ಮ್ಯಾಲೇ ಕಾರ್ಡಿನ್ಯಾಗ ತಾರೀಖ ತಿದ್ದಿದ್ರು, ಅದರ ಝೆರಾಕ್ಸ್ ಇಟಗೋರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ನೆಲ್ಲಿಕಾಯಿ, ಕಿತ್ತಳೆ ಕೊಡೋದೂ ಬೇಡ್ವಾ?

ತುಮಕೂರಿನ ಅಮ್ಮ: ಅಯ್ಯೋ ಅದು ಊಟ ಕಣ್ರೀ, ಧಾರಾಳವಾಗಿ ಕೊಡಿ, ತುಟಿ ಒಡೆದಿದ್ರೆ ಮಾತ್ರ ಹುಳಿ ಉರಿಯತ್ತೆ, ಬಾಳೆಹಣ್ಣೋ ಪಪ್ಪಾಯೀನೋ ಕೊಡಿ. ಎಕೋ ರಿಪೋರ್ಟಲ್ಲಿ ಝಡ್ ಸ್ಕೋರ್ ಅಂತ ಇರತ್ತೆ ನೋಡಿ, ಅಷ್ಟೇ ಮೈಗಾತ್ರದ ಮಕ್ಕಳ ಸರಾಸರಿಗಿಂತ ನಾಳ ಎಷ್ಟು ಅಗಲ ಇದೆ ಅನ್ನೋ ಅಳತೆ ಅದು, 2.5 ದಾಟಿದ್ರೆ ಉಬ್ಬಿದೆ ಅಂತ ಲೆಕ್ಕ. ನಿಮ್ದು ಎಷ್ಟಿದೆ, ಮುಂದಿನ ಎಕೋ ಯಾವಾಗ?