ತುಮಕೂರು ಸುತ್ತ ಗಾಡಿ ಕಾಟ ಇಲ್ಲದ ಮಣ್ಣು ದಾರಿ ಹೇಳಿ, ಹೊಳೆ ಪಕ್ಕ ಇದ್ರೆ ಇನ್ನೂ ಒಳ್ಳೇದು

ಬೆಳಗಿನ ಪೆಡಲ್:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಲ್ಲೇ ಇರೋದು, ನಾಲ್ಕು ವರ್ಷದಿಂದ ಸೈಕಲ್ ತುಳೀತಿದೀನಿ. ಇಷ್ಟು ದಿನ ಭಾನುವಾರ ಬೆಳಿಗ್ಗೆ ಹೈವೇನಲ್ಲೇ ಶಿರಾ ಕಡೆ ಹೋಗಿ ವಾಪಸ್ ಬರ್ತಿದ್ದೆ. ಹೋದ ತಿಂಗಳು ಒಂದು ಲಾರಿ ಎಷ್ಟು ಹತ್ರ ಹಾದು ಹೋಯ್ತು ಅಂದ್ರೆ ಅದರ ಟಾರ್ಪಲ್ ಹಗ್ಗದ ತುದಿ ನನ್ನ ಮೊಣಕೈಗೆ ಬಡೀತು, ಸೈಕಲ್ ಮೋರಿ ಕಡೆ ವಾಲ್ತು, ಹೆಂಗೋ ಕಾಲು ಊರಿ ನಿಂತೆ, ಆಮೇಲೆ ಹತ್ತು ನಿಮಿಷ ಕೈ ನಡುಕ ನಿಲ್ಲಲಿಲ್ಲ. ಅವತ್ತಿಂದ ಹೈವೇಗೆ ಹೋಗಿಲ್ಲ, ಹೋಗೋ ಮನಸ್ಸೂ ಇಲ್ಲ.

ಈಗ ಗ್ರಾವೆಲ್ ಸೈಕಲ್ ತಗೊಂಡಿದೀನಿ, ಮಣ್ಣು ದಾರೀಲೂ ಓಡೋ ಥರದ್ದು, 40 ಎಂಎಂ ಅಗಲದ ಟೈರು. ದಿನಕ್ಕೆ 50-60 ಕಿ.ಮೀ. ಆದ್ರೆ ಸಾಕು, ಸ್ಪೀಡ್ ಬೇಕಾಗಿಲ್ಲ. ಜಯಮಂಗಲಿ, ಶಿಂಷಾ ಎರಡೂ ನಮ್ಮ ದೇವರಾಯನದುರ್ಗದ ಬೆಟ್ಟದಲ್ಲೇ ಹುಟ್ಟೋದು ಅಂತ ಸ್ಕೂಲಲ್ಲಿ ಓದಿದ್ದು ಬಿಟ್ರೆ ಒಂದಿನಾನೂ ಅವುಗಳ ಜೊತೆ ಹೋಗಿಲ್ಲ. ಹೊಳೆ ಪಕ್ಕ ಹಳ್ಳಿ ಹಳ್ಳಿ ಮೇಲೆ ಹೋಗೋ ಮಣ್ಣು ರಸ್ತೆ ಯಾರಿಗಾದ್ರೂ ಗೊತ್ತಾ? ಮ್ಯಾಪಲ್ಲಿ ನೋಡಿದ್ರೆ ಅರ್ಧ ದಾರಿ ತೋರ್ಸಿ ಹೊಲದ ಮಧ್ಯೆ ಬಿಟ್ಬಿಡುತ್ತೆ. ಆಮೇಲೆ ಮಗಳು ಏಳನೇ ಕ್ಲಾಸು, ಅವಳನ್ನೂ ಒಂದ್ಸಲ ಕರ್ಕೊಂಡು ಹೋಗೋ ಆಸೆ ಇದೆ.

ಮಧುಗಿರಿ ಹೈದ:

ಅಣ್ಣ, ಜಯಮಂಗಲಿ ಹಿಡ್ಕಳಿ, ನಮ್ ಕಡೆ ಹೊಳೆ ಅದು. ಆದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಹೊಳೆ ಅಂದ ತಕ್ಷಣ ಎರಡು ದಡ ತುಂಬಿ ನೀರು ಅಂದ್ಕೊಂಡು ಬರಬ್ಯಾಡಿ. ವರ್ಷದಲ್ಲಿ ಜಾಸ್ತಿ ದಿನ ಮರಳೇ ಹೊಳೆ. 2022ರ ಮಳೇಲಿ ತುಂಬಿ ಹರೀತು, ನಮ್ ಊರಿನ ಮುದುಕ್ರು ಕೂಡ ದಡದಲ್ಲಿ ಬೆಳಿಗ್ಗೆಯಿಂದ ಸಂಜೆಗಂಟ ಕೂತು ನೋಡಿದ್ರು. ಮರಳು ತೆಗ್ದು ತೆಗ್ದು ಕೆಲವು ಕಡೆ ಹೊಳೆ ಆಳ ಬಿದ್ದೈತೆ, ಅಲ್ಲೆಲ್ಲಾ ಸೀಮೆಜಾಲಿ ಬೆಳ್ಕೊಂಡೈತೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆದ್ರೂ ದಡದ ಬಂಡಿದಾರಿ ಚೆನ್ನಾಗೈತೆ, ಗಾಡಿ ಅಂದ್ರೆ ದಿನಕ್ಕೆ ನಾಲ್ಕು ಟ್ರ್ಯಾಕ್ಟರು, ಹಾಲಿನ ಡೈರಿಗೆ ಹೋಗೋ ಬೈಕುಗಳು, ಅಷ್ಟೇ.

ಕೊರಟಗೆರೆಗಂಟ ಬೆಳಿಗ್ಗೆ ಬೇಗ ಬಂದ್ಬಿಡಿ, ಅಲ್ಲಿಂದ ಮಧುಗಿರಿ ಮೈನ್ ರೋಡ್ ಬಿಟ್ಟು ಹೊಳವನಹಳ್ಳಿ ಕಡೆ ತಿರುಗಿ. ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನ ಅದೇ ಸೀಮೇಲೇ ಇರೋದು, ಶುಕ್ರವಾರ ಮಾತ್ರ ಬರಬ್ಯಾಡಿ, ಕಾರೋ ಕಾರು. ಆಮೇಲೆ ಒಂದೇ ಸೂತ್ರ, ಹೊಳೆ ಎಡಕ್ಕಿರ್ಲಿ ಬಲಕ್ಕಿರ್ಲಿ, ಕೆರೆ ಏರಿ ಕಂಡ್ರೆ ಹತ್ತಿ. ಏರಿ ಮೇಲೆ ಗಟ್ಟಿ ಗರಸು ಇರುತ್ತೆ, ಸೈಕಲ್ಲು ಟಾರ್ ರೋಡ್ ಥರಾ ಓಡುತ್ತೆ. ಒಂದು ಕಡೆ ನೀರು, ಒಂದು ಕಡೆ ಅಡಿಕೆ ತೋಟ. ಕೋಡಿ ಹತ್ರ ಮಾತ್ರ ಇಳ್ದು ತಳ್ಳಿ, ಪಾಚಿ ಜಾರುತ್ತೆ.

ಇನ್ನೊಂದು ನೋಡ್ಲೇಬೇಕಾದ್ದು ತಲಪರಿಗೆ. ಕೆರೆ ಅಂಗಳದಲ್ಲೋ ಹಳ್ಳದ ದಂಡೇಲೋ ಮರಳು ಭೂಮಿ ಇರೋ ಕಡೆ ತೋಡಿದ್ರೆ ನೀರು ತಾನಾಗೇ ಜಿನುಗಿ ಬರುತ್ತೆ, ಅದನ್ನ ಕಾಲುವೆ ಮಾಡಿ ಗದ್ದೆಗೆ ಬಿಡ್ತಿದ್ರು, ಮೋಟ್ರು ಇಲ್ಲ ಕರೆಂಟು ಇಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸೀಮೇಲಿ ಎಷ್ಟೋ ಇದ್ವು, ಬೋರ್‌ವೆಲ್ ಬಂದ್ಮೇಲೆ ತುಂಬ ಮುಚ್ಚೋದ್ವು. ಉಳಿದಿರೋದು ಯಾವೂರಲ್ಲೈತೆ ಅಂತ ಅರಳಿಕಟ್ಟೆ ಮೇಲೆ ಕೂತಿರೋ ಹಿರೀಕ್ರನ್ನ ಕೇಳಿ, ಅವ್ರೇ ಎದ್ದು ಬಂದು ತೋರಿಸ್ತಾರೆ.

ಶಕ್ತಿ ಇದ್ರೆ ಮೈದನಹಳ್ಳಿಗಂಟ ಹೋಗಿ, ಕೃಷ್ಣಮೃಗ ಇರೋ ಜಾಗ. 798 ಎಕರೆ ಹುಲ್ಲುಗಾವಲು, 2007ರಲ್ಲಿ ಜಯಮಂಗಲಿ ಹೆಸರಲ್ಲೇ ಸಂರಕ್ಷಿತ ಪ್ರದೇಶ ಮಾಡಿದ್ರು. ಒಳಕ್ಕೆ ಸೈಕಲ್ ನುಗ್ಗಿಸಬ್ಯಾಡಿ, ಸುತ್ತಲ ದಾರೀಲಿ ನಿಂತ್ರೂ ಕಾಣ್ತವೆ. ಆದ್ರೆ ಅದು ತುಮಕೂರಿಂದ ಹೋಗಿ ಬರೋಕೆ ನಿಮ್ಮ 60 ಕಿ.ಮೀ.ನಲ್ಲಿ ಮುಗಿಯಲ್ಲ, ಮಧುಗಿರೀಲಿ ಒಂದು ರಾತ್ರಿ ಇರ್ಬೇಕಾಗುತ್ತೆ.

ಗುಬ್ಬಿ ಟೀಚರ್:

ಮಗಳ ಜೊತೆ ಅಂದ್ರೆ ಜಯಮಂಗಲಿ ದಾರಿ ಮೊದಲ ಸಲಕ್ಕೆ ಉದ್ದ ಆಯ್ತು ಸರ್. ನಮ್ಮ ಕಡೆ ಬನ್ನಿ, ಶಿಂಷಾ ಕಡೆ. ಕಡಬದ ಕೆರೆ ಶಿಂಷಾ ಹೊಳೆಗೇ ಅಡ್ಡ ಕಟ್ಟಿರೋದು, ಏರಿ ಮೇಲೆ ಬೆಳಿಗ್ಗೆ ಆರೂವರೆಗೆ ನಿಂತ್ರೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸ್ಕೊಳ್ತಾ ಸಾಲಾಗಿ ಕೂತಿರ್ತವೆ, ಮಕ್ಕಳಿಗೆ ಅಷ್ಟು ಸಾಕು.

ಹೇಮಾವತಿ ನಾಲೆ ಏರಿ ದಾರಿ ಬಗ್ಗೆ ಯಾರಾದ್ರೂ ಹೇಳೇ ಹೇಳ್ತಾರೆ, ನಾನೇ ಹೇಳ್ಬಿಡ್ತೀನಿ. ಗೊರೂರು ಡ್ಯಾಮಿಂದ ಬರೋ ನಾಲೆ, ಇಲಾಖೆ ಜೀಪು ಓಡಾಡೋಕೆ ಪಕ್ಕದಲ್ಲಿ ಮಣ್ಣು ದಾರಿ ಇದೆ, ಏರು ಇಳಿವೇ ಇಲ್ಲ, ಎರಡೂ ಕಡೆ ತೆಂಗು. ತುಳಿಯೋಕೆ ಅಷ್ಟು ಸುಖ ಬೇರೆ ಎಲ್ಲೂ ಇಲ್ಲ. ಆದ್ರೆ ನೀರು ಬಿಟ್ಟಿರೋ ತಿಂಗಳಲ್ಲಿ ಮಗೂನ ಅಲ್ಲಿಗೆ ಕರ್ಕೊಂಡು ಹೋಗ್ಬೇಡಿ ದಯವಿಟ್ಟು. ಇಳಿಜಾರಿಗೆ ಸಿಮೆಂಟ್ ಹಾಕಿರೋ ಕಡೆ ಜಾರಿ ಬಿದ್ರೆ ಈಜು ಬರೋರಿಗೂ ಹಿಡ್ಕೊಳ್ಳೋಕೆ ಏನೂ ಸಿಗಲ್ಲ, ನೀರಿನ ಸೆಳೆತ ಬೇರೆ. ನಾನು ಟೀಚರ್, ನನ್ನ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ ಇದನ್ನೇ ಹೇಳ್ತೀನಿ. ನಾಲೆ ಒಣಗಿದ್ದಾಗ ಹೋಗಿ, ಇಲ್ಲಾ ನೀವೊಬ್ರೇ ಹೋಗಿ.

ಮುಳ್ಳು ಅನುಭವಿ:

ದಾರಿ ಎಲ್ಲಾ ಹೇಳಿದ್ರು, ಮುಳ್ಳಿನ ವಿಷಯ ಯಾರೂ ಹೇಳಲಿಲ್ಲ. ಹೊಳೆ ಪಕ್ಕದ ದಾರೀಲಿ ಎರಡು ಥರ ಮುಳ್ಳು. ಒಂದು ಜಾಲಿ, ಬೇಲಿಗೆ ಕಡಿದು ಎಳ್ಕೊಂಡು ಹೋದಾಗ ದಾರಿ ಮೇಲೆ ಉದುರಿರುತ್ತೆ, ಉದ್ದ, ಟೈರ್ ದಾಟಿ ಸೀದಾ ಟ್ಯೂಬಿಗೆ. ಇನ್ನೊಂದು ನೆಗ್ಗಿಲು, ನೆಲಕ್ಕೆ ಅಂಟ್ಕೊಂಡು ಹಬ್ಬಿರುತ್ತೆ, ಹಳದಿ ಹೂವು ಚೆಂದ ಇದೆ ಅಂತ ಪಕ್ಕ ಸೈಕಲ್ ಮಲಗಿಸಿದ್ರೆ ಮುಗೀತು. ಟೈರ್ ಟ್ಯೂಬ್‌ಲೆಸ್ ಮಾಡ್ಸಿ ಸೀಲೆಂಟ್ ಹಾಕ್ಸಿ, ಅಂದ್ರೆ ತೂತನ್ನ ಒಳಗಿಂದಾನೇ ಮುಚ್ಚೋ ದ್ರವ, ನೆಗ್ಗಿಲು ಚುಚ್ಚಿದ್ದೂ ಗೊತ್ತಾಗಲ್ಲ. ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತೆ, ಎರಡು ಮೂರು ತಿಂಗಳಿಗೊಮ್ಮೆ ನೋಡ್ಕೊಳ್ಳಿ. ಆದ್ರೂ ಒಂದು ಟ್ಯೂಬ್ ಜೊತೇಲಿರ್ಲಿ, ಹಳ್ಳಿ ಪಂಕ್ಚರ್ ಅಂಗಡೀಲಿ ನಿಮ್ಮ ಸೈಜ್ ಸಿಗಲ್ಲ.

ಟ್ಯೂಬ್ ಹಾಕೋ ಮುಂಚೆ ಟೈರ್ ಒಳಗೆ ಬೆರಳು ನಿಧಾನ ಸವರಿ. ನಾನು ಒಂದ್ಸಲ ಸವರದೆ ಹಾಕಿ, ಮುರಿದು ಒಳಗೇ ಕೂತಿದ್ದ ಜಾಲಿ ಮುಳ್ಳಿನ ತುದಿ, ಅಕ್ಕಿ ಕಾಳಿಗಿಂತ ಚಿಕ್ಕದು, ಹೊಸ ಟ್ಯೂಬನ್ನೂ ತೂತು ಮಾಡ್ತು. ಬರಿಗಾಲಲ್ಲ, ಆದ್ರೂ ಏಳು ಕಿ.ಮೀ. ತಳ್ಕೊಂಡು ನಡೆದೆ. ಆಮೇಲೆ ಮರಳಲ್ಲಿ ಗಾಳಿ ಸ್ವಲ್ಪ ಕಮ್ಮಿ ಮಾಡಿ, ಹಗುರ ಗೇರಲ್ಲಿ ತುಳೀತಾ ಇರಿ, ಮುಂದಿನ ಬ್ರೇಕ್ ಮುಟ್ಟಬೇಡಿ.

ದುರ್ಗದ ದಾರಿ:

ದೇವರಾಯನದುರ್ಗದ ಹತ್ರ ಇರೋ ನಾಮದ ಚಿಲುಮೆ ಸುತ್ತ ಕಾಡಿನ ಒಳದಾರಿಗೆ ಹೋಗ್ಬೇಡಿ, ಚಿರತೆ ಕರಡಿ ಎರಡೂ ಇದಾವೆ, ಅರಣ್ಯ ಇಲಾಖೆಯವರ ಅನುಮತೀನೂ ಬೇಕು. ಟಾರ್ ರಸ್ತೇಲೇ ದಾಟಿ.

ಬೆಳಗಿನ ಪೆಡಲ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹೋದ ಭಾನುವಾರ ಹೊಳವನಹಳ್ಳಿ ಕಡೆ ಹೋಗಿದ್ದೆ. ಕೊರಟಗೆರೆ ದಾಟಿ ಮಣ್ಣು ದಾರಿಗೆ ಇಳಿದ ಮೇಲೆ ಎರಡು ಗಂಟೆಲಿ ಸಿಕ್ಕಿದ್ದು ಒಂದು ಟ್ರ್ಯಾಕ್ಟರ್, ಒಂದು ಕುರಿ ಮಂದೆ. ಒಂದು ಕಡೆ ರಾಗಿ ತೆನೆ ದಾರಿ ತುಂಬ ಹರಡಿದ್ರು, ಇಳಿದು ಪಕ್ಕದಲ್ಲಿ ತಳ್ಕೊಂಡು ಹೋದೆ, ಅಲ್ಲಿದ್ದ ಅಜ್ಜಿ ‘ತುಳ್ಕಂಡೇ ಹೋಗಪ್ಪಾ, ನಿನ್ ಸೈಕಲ್ಲಿಂದ್ಲೂ ನಾಲ್ಕು ಕಾಳು ಉದುರ್ಲಿ’ ಅಂದ್ರು. ಮುಂದೆ ದಾರಿ ಹೊಳೇಲೇ ಮುಳುಗಿ ಹೋಯ್ತು, ಸೈಕಲ್ ಹೆಗಲ ಮೇಲೆ ಹೊತ್ಕೊಂಡು ಮರಳು ದಾಟಿದೆ. ಮಧ್ಯದಲ್ಲಿ ಒಂದು ಮೊಳ ಅಗಲಕ್ಕೆ ನೀರು ಹರೀತಿತ್ತು, ತಳದ ಮರಳಿನ ಕಾಳು ಎಣಿಸಬಹುದು ಅಷ್ಟು ತಿಳಿ. ಶೂ ಬಿಚ್ಚಿ ಕಾಲಿಟ್ಕೊಂಡು ಕೂತೆ. ಕೈ ನಡುಕ ಬಂದ ದಿನ ಮನೇಲಿ ಹೇಳಿರಲಿಲ್ಲ, ವಾಪಸ್ ಬಂದು ಅದನ್ನೂ ಹೇಳ್ದೆ, ಇದನ್ನೂ ಹೇಳ್ದೆ.

ಟೀಚರ್ ಮೇಡಂ, ಮಗಳ ಜೊತೆ ಕಡಬಕ್ಕೆ ಬರ್ತೀವಿ, ನಾಲೆ ಕಡೆ ಹೋಗಲ್ಲ. ಮಧುಗಿರಿ ಅಣ್ಣ, ಮೈದನಹಳ್ಳಿಗೆ ಎರಡು ದಿನ ಇಟ್ಕೊಂಡು ಬರ್ತೀನಿ, ತಲಪರಿಗೆ ಇರೋ ಊರಿನ ಹೆಸರು ಗೊತ್ತಾದ್ರೆ ಇಲ್ಲೇ ಬರೀರಿ.

ಮಧುಗಿರಿ ಹೈದ:

ಬನ್ನಿ ಅಣ್ಣ, ನಾನೂ ಬರ್ತೀನಿ. ಕೊಡಿಗೇನಹಳ್ಳೀಲಿ ಟೀ ಕುಡ್ದು ಹೊರಡಾಣ, ತಲಪರಿಗೆ ವಿಷ್ಯ ನಮ್ ತಾತನ್ನ ಕೇಳಿ ಹೇಳ್ತೀನಿ.